ಬಿಟ್ಟ ಹಕ್ಕಿಯನ್ನು ಕೂಗಬಾರದು

ಹಾಸ್ಟೆಲ್, ಬಿಷ್ಕೆಕ್
ಸೆಪ್ಟೆಂಬರ್ 19

ಪ್ರೀತಿಯ ತಾತ,

ಮೊದಲು ನಿಮ್ಮ ಆರೋಗ್ಯ, ಆಮೇಲೆ ಕುದುರೆಗಳ ಆರೋಗ್ಯ, ಆಮೇಲೆ ಕುರಿಗಳದ್ದು, ಕೊನೆಗೆ ನಾಯಿಯದ್ದು ಕೇಳಬೇಕು ಎಂದು ಗೊತ್ತು. ಕೇಳಿದೆ ಅಂದುಕೊಳ್ಳಿ. ನನಗೆ ಹೇಳುವ ಅವಸರ ಜಾಸ್ತಿ ಇದೆ.

ಪಶುವೈದ್ಯ ಕಾಲೇಜಿನಲ್ಲಿ ನನ್ನ ತರಗತಿಯಲ್ಲಿ ನನ್ನಷ್ಟು ಹೆದರುವವರು ಯಾರೂ ಇಲ್ಲ. ಮೊನ್ನೆ ಜಾನಿಲ್ ಮೇಡಂ ಕೋಳಿಯ ರೆಕ್ಕೆಯ ಮೂಳೆ ಎತ್ತಿ ಹಿಡಿದು, ಇದೇನು ಎಂದು ನನ್ನನ್ನೇ ಕೇಳಿದರು. ನೀವು ಅದನ್ನು ಕರೆಯುವ ಹೆಸರು ಬಾಯಿ ತುದಿಗೆ ಬಂತು. ಪುಸ್ತಕದ ಹೆಸರು ಬರಲಿಲ್ಲ. ಆಮೇಲೆ ಅವರು, ಬೇಟೆ ಹಕ್ಕಿಗಳನ್ನು ಹತ್ತಿರದಿಂದ ಕಂಡವರು ಯಾರಾದರೂ ಇದ್ದೀರಾ ಎಂದರು. ನಾನು ಕೈ ಎತ್ತಲಿಲ್ಲ.

ನನ್ನ ರೂಮಿನ ಹುಡುಗಿ ಕಾಮಿಲಾ ಇದೇ ಊರಿನವಳು. ಮೊದಲ ದಿನವೇ ನನ್ನ ತೋಳಿನ ಗಾಯದ ಗುರುತು ನೋಡಿ, "ಏನೇ ಇದು?" ಎಂದಳು. ಬೆಕ್ಕು ಪರಚಿದ್ದು ಎಂದೆ.

"ಎಂಥಾ ಬೆಕ್ಕೇ ಮಾರಾಯ್ತಿ! ಮನೇಲಿ ಚಿರತೆ ಸಾಕಿದ್ರಾ?"

ನಕ್ಕುಬಿಟ್ಟೆ. ಹದ್ದು ಎಂದು ಹೇಳಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಆದರೂ ಹೇಳಲಿಲ್ಲ. ಸಾರಿ ತಾತ. ಎರಡು ವರ್ಷ ಹಾಸ್ಟೆಲ್ ಶಾಲೆಯಲ್ಲಿ ಇಂಗ್ಲಿಷ್ ಕಲಿತದ್ದಕ್ಕೆ ನನಗೆ ಬಂದದ್ದು ಇದೊಂದೇ, ಮನೆಯ ವಿಷಯ ಬಂದಾಗ ಮಾತು ತಿರುಗಿಸುವುದು.

ನಮ್ಮ ಹದ್ದು ತುಮಾರಾ ಕಾಣಿಸುತ್ತಾಳೆಯೇ? ಮಾರ್ಚ್‌ನಲ್ಲಿ ಅವಳನ್ನು ಬೆಟ್ಟದ ಮೇಲೆ ಬಿಟ್ಟು ಬಂದ ದಿನ ನೀವು ದಾರಿಯುದ್ದಕ್ಕೂ ಹಿಂದೆ ನೋಡಲಿಲ್ಲ, ನನಗೂ ನೋಡಲು ಬಿಡಲಿಲ್ಲ. ನಾನು ಓದಲು ಹೊರಟದ್ದರಿಂದಲೇ ಅವಳನ್ನು ಬಿಡಬೇಕಾಯಿತಲ್ಲ ಎಂದು ಆಗಾಗ ಅನಿಸುತ್ತದೆ. ಒಂದು ಸಾಲು ಬರೆಯಿರಿ. ಮಿನಿಬಸ್ಸಿನ ಡ್ರೈವರ್ ಕೈಗೆ ಕೊಟ್ಟರೆ ಸಾಕು, ಹಾಸ್ಟೆಲ್ ಗೇಟಿಗೇ ತಂದುಕೊಡುತ್ತಾರೆ.

ನಿಮ್ಮ
ಜಿಪಾರ್

*

ಬೆಟ್ಟದ ಮನೆ
ಅಕ್ಟೋಬರ್ 7

ನನ್ನ ಕುದುರೆಮರಿ ಜಿಪಾರ್‌ಗೆ,

ನಾಯಿಯೂ ಸೇರಿದಂತೆ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಕಾಗದ ತೊಲೊಮುಶ್‌ಗೆ ಓದಿ ಹೇಳಲು ಹೋಗಿ ಅಲ್ಲಲ್ಲಿ ಎಡವಿದೆ. ಅರ್ಧ ಇಂಗ್ಲಿಷ್ ತುಂಬಿದ್ದೀಯ. ಅವನಿಗೆ ಅಷ್ಟೇ ಸಾಕಾಯಿತು.

"ಮೊಮ್ಮಗಳನ್ನ ಓದಕ್ಕೆ ಕಳಿಸಿದ್ಯೋ, ಪರಂಗಿಯವಳಾಗಕ್ಕೆ ಕಳಿಸಿದ್ಯೋ ಇಮಾನ್‌ಕುಲ್?"

"ನಿನ್ನ ಹಕ್ಕಿಗೆ ಜ್ವರ ಬಂದಾಗ ಅವಳ ಕಾಲಿಗೇ ಬೀಳ್ತೀಯ, ಸುಮ್ನೆ ಟೀ ಕುಡಿ" ಎಂದೆ. ಈ ಗಂಟಲಲ್ಲಿ ಬೈದರೆ ಬೈದ ಹಾಗೂ ಇರುವುದಿಲ್ಲ, ಗರಗಸ ಎಳೆದ ಹಾಗಿರುತ್ತದೆ. ಅವನು ನಕ್ಕ. ನಲವತ್ತು ಚಳಿಗಾಲ ಜೊತೆಯಲ್ಲಿ ಬೇಟೆಗೆ ಹೋದವರು ನಾವು, ಬೈಗುಳ ಬಿಟ್ಟರೆ ಬೇರೆ ಮಾತೇ ಬರುವುದಿಲ್ಲ.

ತುಮಾರಾ ಇದ್ದಾಳೆ. ಕೆಂಪು ಬಂಡೆಯ ಮೇಲಿನ ಗಾಳಿಯಲ್ಲಿ ಬೆಳಿಗ್ಗೆ ಹೊತ್ತು ತೇಲುತ್ತಾಳೆ. ಮೊಲ ಹಿಡಿದದ್ದನ್ನು ನೋಡಿದೆ. ಮೈ ತುಂಬಿಕೊಂಡಿದ್ದಾಳೆ. ಬರುವ ವರ್ಷ ಗೂಡು ಕಟ್ಟಬಹುದು. ಅದಕ್ಕೇ ಅಲ್ಲವೇ ನಮ್ಮವರು ಎಷ್ಟೇ ಒಳ್ಳೆಯ ಹೆಣ್ಣು ಹದ್ದನ್ನೂ ಕೆಲವು ವರ್ಷ ಇಟ್ಟುಕೊಂಡು ಬಿಟ್ಟುಬಿಡುವುದು. ನೀನು ಹೊರಟೆ ಎಂದು ಬಿಟ್ಟದ್ದಲ್ಲ. ಅವಳ ಕಾಲ ಬಂದಿತ್ತು.

ಆದರೆ ಒಂದು ಮಾತು ನೆನಪಿರಲಿ. ರಜೆಗೆ ಬಂದಾಗ ಬೆಟ್ಟದಲ್ಲಿ ಬಾಯಿ ಬಿಗಿಹಿಡಿದು ಓಡಾಡು. ಬಿಟ್ಟ ಹಕ್ಕಿಯನ್ನು ಕೂಗಬಾರದು. ಕೂಗಿದರೆ ಬರುತ್ತದೆ, ಅದೇ ತೊಂದರೆ. ಆಪರೇಷನ್ ಆಗಿ ನನ್ನ ಧ್ವನಿ ಹೋದ ವರ್ಷ ಅವಳನ್ನು ಪಳಗಿಸಿದೆವು. ಕೈ ನನ್ನದಿತ್ತು, ಕೂಗು ನಿನ್ನದಿತ್ತು. ಅವಳು ನಂಬಿದ್ದು ಕೈಯನ್ನಲ್ಲ.

ನಿನ್ನ ಅಣ್ಣ ಎರ್ಮೆಕ್ ಕೆಳಗಿನ ಹಳ್ಳಿಯಲ್ಲೇ ಇರುತ್ತಾನೆ. ದೊಡ್ಡ ಕಾರಿನಲ್ಲಿ ಯಾರೋ ಬರುತ್ತಾರೆ, ಬೇಟೆಯ ಡೇಗೆ ಹಕ್ಕಿಗಳ ಬಗ್ಗೆ ಕೇಳುತ್ತಾರೆ. ಟೂರಿಸ್ಟರು ಎನ್ನುತ್ತಾನೆ. ಟೂರಿಸ್ಟರು ಫೋಟೋ ತೆಗೆಯುತ್ತಾರೆ, ಇವರು ತೆಗೆಯುವುದಿಲ್ಲ.

ಒಣಮೊಸರಿನ ಉಂಡೆ ಕಳಿಸಿದ್ದೇನೆ. ಆ ಕಾಮಿಲಾಗೂ ಕೊಡು, ಹಲ್ಲು ಗಟ್ಟಿಯಾಗಲಿ.

ತಾತ

*

ಹಾಸ್ಟೆಲ್, ಬಿಷ್ಕೆಕ್
ನವೆಂಬರ್ 2

ಪ್ರೀತಿಯ ತಾತ,

ಉಂಡೆ ಕಚ್ಚಿ ಕಾಮಿಲಾ "ಇದು ತಿನ್ನೋದಾ, ಕಿಟಕಿ ಒಡೆಯೋದಾ?" ಎಂದಳು. ಆದರೆ ಡಬ್ಬಿ ಖಾಲಿ ಮಾಡಿದವಳು ಅವಳೇ.

ನಿನ್ನೆ ಒಂದು ತಮಾಷೆ ಆಯಿತು. ಟೆರೇಸಿಗೆ ಹೋಗಿ ತುಮಾರಾಳನ್ನು ಕರೆಯುವ ಹಾಗೆ ಕೂಗಿದೆ! ಊರಿನ ಮಧ್ಯೆ, ಒಣಹಾಕಿದ ಬಟ್ಟೆಗಳ ನಡುವೆ. ಯಾಕೆ ಎಂದು ಈಗ ಹೇಳುವಂತಿಲ್ಲ, ಎರ್ಮೆಕ್ ಅಣ್ಣ ಆಣೆ ಹಾಕಿಸಿದ್ದಾನೆ. ನಿಮ್ಮ ಹುಟ್ಟುಹಬ್ಬಕ್ಕೆ ಗೊತ್ತಾಗುತ್ತದೆ. ಮೊದಲ ಸಲ ಕೂಗಿದಾಗ ಧ್ವನಿ ಸಣ್ಣಗೆ ಬಂತು, ಯಾರಾದರೂ ಕೇಳಿಯಾರು ಎಂದು. ಅಣ್ಣ ಅದನ್ನು ಫೋನಿನಲ್ಲಿ ಕೇಳಿ, "ಇದೇನು ಬೆಕ್ಕಿನ ಮರಿ ಕೂಗು! ಬೆಟ್ಟದಲ್ಲಿ ನಿಂತ ಹಾಗೆ ಕೂಗೇ" ಎಂದು ಬೈದ. ಎರಡನೇ ಸಲ ಕಣ್ಣು ಮುಚ್ಚಿಕೊಂಡು ಕೂಗಿದೆ. ಎದುರು ಕಟ್ಟಡದ ನಾಯಿಗಳೆಲ್ಲ ಬೊಗಳಿದವು. ವಾಚ್‌ಮನ್ ಮೆಟ್ಟಿಲು ಹತ್ತಿ ಬಂದು, "ಯಾರಮ್ಮ ಬಿದ್ದಿದ್ದು?" ಎಂದರು.

ಯಾರೂ ಬಿದ್ದಿಲ್ಲ ಎಂದೆ. ಕಾಮಿಲಾ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಹದ್ದಿನ ವಿಷಯ ಹೇಳಲೇಬೇಕಾಯಿತು. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. "ಇಷ್ಟು ದಿನ ಬೆಕ್ಕು ಅಂದ್ಯಲ್ಲೇ" ಎಂದಳು, ಅಷ್ಟೇ. ಆಗ ನಾಚಿಕೆಯಾದದ್ದು ಬೇರೆ ಥರ.

ಕೂಗಿದ ಮೇಲೆ ಎದೆ ಹಗುರವಾಯಿತು ತಾತ. ನಿಮ್ಮನ್ನು ನೋಡಿದ ಹಾಗಾಯಿತು.

ನಿಮ್ಮ
ಜಿಪಾರ್

*

ಬೆಟ್ಟದ ಮನೆ
ಡಿಸೆಂಬರ್ 12

ಜಿಪಾರ್,

ತುಮಾರಾ ಇಲ್ಲ.

ಹಿಮ ಬಿದ್ದ ಮೇಲೆ ಕೆಂಪು ಬಂಡೆಯ ಮೇಲೆ ಕಾಣಿಸಲಿಲ್ಲ. ಜೊತೆ ಹುಡುಕಿಕೊಂಡು ಆಚೆ ಕಣಿವೆಗೆ ಹೋಗಿರಬಹುದು ಎಂದು ಮನಸ್ಸಿಗೆ ಹೇಳಿಕೊಂಡೆ. ಮೊನ್ನೆ ಕುದುರೆ ಏರಿ ಬಂಡೆಯ ಬುಡದವರೆಗೆ ಹೋದೆ. ಅಲ್ಲಿ ಹಿಮದಲ್ಲಿ ನರಿಯ ತೊಗಲು ಬಿದ್ದಿತ್ತು, ಒಳಗೆ ಹುಲ್ಲು ತುಂಬಿ ಹಗ್ಗ ಕಟ್ಟಿದ್ದು. ಪಕ್ಕದಲ್ಲಿ ಹರಿದ ಬಲೆ. ಅವಳ ರೆಕ್ಕೆಯ ಒಂದು ಗರಿ.

ನರಿ ತೊಗಲು ಎಳೆದರೆ ಪಳಗಿದ ಹದ್ದು ಇಳಿಯುತ್ತದೆ ಎಂದು ಗೊತ್ತಿರುವುದು ಹದ್ದಿನವರಿಗೆ. ಈ ಬೆಟ್ಟದ ಸೀಮೆಯಲ್ಲಿ ಉಳಿದಿರುವ ಹದ್ದಿನವರು ಇಬ್ಬರೇ. ನಾನು, ತೊಲೊಮುಶ್.

ಅವನ ಮನೆಗೆ ಹೋದೆ. ಮಕ್ಕಳು, ಸೊಸೆಯಂದಿರು, ನೆಂಟರು ಎಲ್ಲ ಊಟಕ್ಕೆ ಕೂತಿದ್ದರು. ಬಾಗಿಲಲ್ಲೇ ನಿಂತು ಆ ಗರಿ ಹಾಸಿನ ಮೇಲೆ ಎಸೆದೆ.

"ಯಾರಿಗೆ ಕೊಟ್ಟೆ ನನ್ನ ಹಕ್ಕೀನ?"

ಅವನು ಗರಿ ನೋಡಿದ, ನನ್ನ ನೋಡಿದ. "ನಿಂಗೆ ತಲೆ ನೆಟ್ಟಗಿದೆಯಾ?"

"ಎಲ್ಲಿಗೆ ಕಳಿಸಿದೆ ಹೇಳು. ಸಮುದ್ರದಾಚೆಗೋ? ಬೇಟೆ ಹಕ್ಕಿ ಕೊಳ್ಳುವ ಅಲ್ಲಿಯ ದೊರೆಗಳಿಗೋ?"

ಅವನು ರೊಟ್ಟಿ ಎತ್ತಿಕೊಂಡು ಮುರಿದ. ಅದರ ಮೇಲೆ ಆಣೆಯಿಟ್ಟು ಹೇಳಿದ, "ನಾನು ಮುಟ್ಟಿಲ್ಲ." ಅರ್ಧ ರೊಟ್ಟಿ ನನ್ನ ಕಡೆ ಚಾಚಿದ. ನಾನು ತಿಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ತಿನ್ನಲಿಲ್ಲ. ಅಷ್ಟು ಜನರ ಮುಂದೆ ಅವನ ಕೈ ಹಾಗೇ ಚಾಚಿಕೊಂಡೇ ಇತ್ತು. ನಾನು ಹೊರಬಂದೆ.

ಎರ್ಮೆಕ್ ಹೊರಗೆ ಕುದುರೆ ಹಿಡಿದುಕೊಂಡು ನಿಂತಿದ್ದ. "ತಾತ, ಹೋಗ್ಲಿ ಬಿಡಿ, ಒಂದು ಹಕ್ಕಿ ತಾನೇ" ಎಂದ. ನಾನು ಕುದುರೆ ಏರಿದೆ.

ಪರೀಕ್ಷೆ ಚೆನ್ನಾಗಿ ಬರೆ. ಇದನ್ನು ತಲೆಗೆ ಹಚ್ಚಿಕೊಳ್ಳಬೇಡ.

ತಾತ

*

ಹಾಸ್ಟೆಲ್, ಬಿಷ್ಕೆಕ್
ಜನವರಿ 8

ತಾತ,

ತಡವಾಗಿ ಬರೆಯುತ್ತಿದ್ದೇನೆ. ಪರೀಕ್ಷೆ ಇತ್ತು. ಪಾಸಾಗುತ್ತೇನೆ ಅನಿಸುತ್ತದೆ.

ಹೊಸ ವರ್ಷದ ಮುಂಚೆ ಗಡಿಯಲ್ಲಿ ಒಂದು ಲಾರಿ ಹಿಡಿದರಂತೆ. ಸೇಬಿನ ಪೆಟ್ಟಿಗೆಗಳ ಹಿಂದೆ ಡೇಗೆಗಳು. ನಮ್ಮ ಕಾಲೇಜಿನ ಹಕ್ಕಿಮನೆಗೆ ತಂದರು. ರಜೆಗೆ ಊರಿಗೆ ಹೋಗದವರು ಕೆಲವರೇ ಇದ್ದೆವು, ಜಾನಿಲ್ ಮೇಡಂ ನಮ್ಮನ್ನು ಕರೆಸಿದರು. ಒಂದೊಂದು ಹಕ್ಕಿಯನ್ನೂ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ್ದರು, ತೊಟ್ಟಿಲ ಕೂಸುಗಳ ಹಾಗೆ. ಬಿಚ್ಚಿದರೆ ಕಣ್ಣಿನ ರೆಪ್ಪೆ ಹೊಲಿದಿತ್ತು. ಕತ್ತಲಲ್ಲಿ ಹೆದರದೆ ಇರುತ್ತವಂತೆ, ದೂರದ ಪ್ರಯಾಣಕ್ಕೆ ಒಳ್ಳೆಯದಂತೆ. ಕೊಳ್ಳುವವರ ದೇಶ ಮುಟ್ಟಿದ ಮೇಲೆ ಬಿಚ್ಚುತ್ತಾರಂತೆ.

ಮೇಡಂ ನನ್ನ ಕೈಗೆ ಸಣ್ಣ ಕತ್ತರಿ ಕೊಟ್ಟರು. "ನಿನ್ನ ಕೈ ನಡುಗಲ್ಲ, ನೀನು ಬಿಚ್ಚು." ನನ್ನ ಕೈ ನಡುಗುತ್ತದೆ ತಾತ, ಎಲ್ಲದಕ್ಕೂ ನಡುಗುತ್ತದೆ. ಹಕ್ಕಿ ಮುಟ್ಟಿದಾಗ ಮಾತ್ರ ನಿಲ್ಲುತ್ತದೆ. ದಾರ ಕತ್ತರಿಸಿದೆ. ಕೆಲವು ಕಣ್ಣು ತೆರೆದವು. ಕೆಲವು ತೆರೆದ ಮೇಲೆ ಸತ್ತವು.

ಇನ್ನೇನು ಬರೆಯಲಿ. ಇಲ್ಲಿ ಚಳಿ. ತೊಲೊಮುಶ್ ತಾತನ ಜೊತೆ ಮಾತಾಡಿದಿರಾ? ಅವರಿಗೆ ಅಷ್ಟು ಬಿರುಸಾಗಿ ಹೇಳಬಾರದಿತ್ತೇನೋ. ನನಗೆ ಅನಿಸಿದ್ದು, ಅಷ್ಟೇ.

ಜಿಪಾರ್

*

ಬೆಟ್ಟದ ಮನೆ
ಜನವರಿ 21

ಜಿಪಾರ್,

ತೊಲೊಮುಶ್‌ನ ಮೊಮ್ಮಗಳ ಮದುವೆ ಆಯಿತು. ಅರ್ಧ ಹಳ್ಳಿ ಹೋಗಲಿಲ್ಲ. ನಾನು ಹೇಳಿದ ಮಾತು ಅವರಿಗೆ ಸಾಕಾಯಿತು. ಗಂಡಿನ ಕಡೆಯವರು, ಹಕ್ಕಿ ಮಾರುವವರ ಮನೆಯಿಂದ ಹೆಣ್ಣು ತಂದೆವಲ್ಲ ಎಂದು ಆಡಿಕೊಂಡರಂತೆ.

ಮದುವೆಯ ಮಾರನೇ ದಿನ ಬಾಗಿಲು ತೆರೆದರೆ ಹೊಸ್ತಿಲ ಮೇಲೆ ಅವನ ಕೈಗವಸು, ಅವನ ಹದ್ದಿನ ಕಣ್ಣು ಮುಚ್ಚುವ ಚರ್ಮದ ಟೋಪಿ ಇದ್ದವು. ಅವನ ಅಪ್ಪನ ಕಾಲದ್ದು ಆ ಟೋಪಿ. ತನ್ನ ಹದ್ದನ್ನು ನಡುಚಳಿಗಾಲದಲ್ಲೇ ಬಿಟ್ಟುಬಿಟ್ಟಿದ್ದಾನೆ. ಇನ್ನು ಹದ್ದು ಹಿಡಿಯುವುದಿಲ್ಲ ಎಂದು ನಮ್ಮಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ, ಹೀಗೆ ಹೇಳುತ್ತಾರೆ.

ಅವನ್ನು ಒಳಗೂ ತಂದಿಲ್ಲ, ವಾಪಸೂ ಕೊಟ್ಟಿಲ್ಲ. ಹಿಮ ಬೀಳುತ್ತಿದೆ, ಮೇಲೆ ಹಲಗೆ ಮುಚ್ಚಿದ್ದೇನೆ.

ನೀನು ಡೇಗೆಗಳ ಬಗ್ಗೆ ಬರೆದೆ. ಆ ಲಾರಿಯಲ್ಲಿ ಹದ್ದು ಇರಲಿಲ್ಲವೇ? ಸುಮ್ಮನೆ ಕೇಳಿದೆ.

ತಾತ

*

ಹಾಸ್ಟೆಲ್, ಬಿಷ್ಕೆಕ್
ಜನವರಿ 27

ತಾತ,

ಇತ್ತು.

ಇದನ್ನು ಬರೆಯಲು ಕೂತು ಎಷ್ಟೋ ಹಾಳೆ ಹರಿದೆ. ಒಂದರಲ್ಲಿ ಎಲ್ಲ ತಪ್ಪೂ ಎರ್ಮೆಕ್ ಅಣ್ಣನದ್ದಾಗಿತ್ತು, ಇನ್ನೊಂದರಲ್ಲಿ ಎಲ್ಲವೂ ನನ್ನದು. ಎರಡನ್ನೂ ಓದಿದರೆ ನಾನು ಒಳ್ಳೆಯವಳ ಹಾಗೇ ಕಾಣುತ್ತಿದ್ದೆ. ಅದಕ್ಕೇ ಆದದ್ದನ್ನಷ್ಟೇ ಹೇಳುತ್ತೇನೆ.

ಲಾರಿಯ ಹಕ್ಕಿಗಳಲ್ಲಿ ಒಂದೇ ಹದ್ದು. ಬೇರೆಯಾಗಿ, ಬಣ್ಣ ಬಳಿದ ಪೆಟ್ಟಿಗೆಯಲ್ಲಿ ಇತ್ತು. ಕಣ್ಣು ಹೊಲಿದಿರಲಿಲ್ಲ, ಟೋಪಿ ಹಾಕಿದ್ದರು. ನೋಡಿದಾಗಲೇ ಎಡಗಾಲಿನ ಹಿಂದಿನ ಉಗುರು ಕಣ್ಣಿಗೆ ಬಿತ್ತು. ನರಿ ಕಚ್ಚಿ ಮುರಿದ ಆ ಉಗುರು. ಆದರೂ ಬೇರೆ ಹದ್ದಿಗೂ ಹಾಗೆ ಮುರಿದಿರಬಹುದು ಅಂದುಕೊಂಡೆ. ಹಾಗೆ ಅಂದುಕೊಳ್ಳಲು ತುಂಬ ಕಷ್ಟಪಟ್ಟೆ. ಅವಳ ಹತ್ತಿರ ಇರುವಾಗ ಬಾಯಿ ತೆರೆಯಲಿಲ್ಲ. ಮೇಡಂ ಏನು ಕೇಳಿದರೂ ತಲೆ ಆಡಿಸಿದೆ. ಕೊನೆಗೆ ಅವರು ರೇಗಿ, "ನಾಲಿಗೆ ಹಾಸ್ಟೆಲಲ್ಲಿ ಬಿಟ್ಟು ಬಂದಿದ್ಯಾ? ತೂಕ ಎಷ್ಟು ಹೇಳು" ಎಂದರು. ತೂಕ ಹೇಳಿದೆ.

ಟೋಪಿಯೊಳಗಿನ ತಲೆ ನನ್ನ ಕಡೆ ತಿರುಗಿತು ತಾತ. ರೆಕ್ಕೆ ಅರ್ಧ ಬಿಚ್ಚಿ, ನನ್ನ ಧ್ವನಿ ಬಂದ ಕಡೆಗೆ ಕಾಲು ಎತ್ತಿಟ್ಟಳು. ಎರಡು ದಿನದಿಂದ ಯಾರ ಕೈಯಿಂದಲೂ ತಿನ್ನದಿದ್ದವಳು ಬಾಯಿ ತೆರೆದಳು.

ಮೇಡಂ ಮಾಂಸದ ಬಟ್ಟಲು ನನ್ನ ಕೈಗೆ ಕೊಟ್ಟು ಹೊರಗೆ ಹೋದರು.

ಎರ್ಮೆಕ್ ಅಣ್ಣನಿಗೆ ಫೋನ್ ಮಾಡಿದೆ. ಅಕ್ಟೋಬರ್‌ನಲ್ಲಿ ಅವನು ನನಗೆ ಹೇಳಿದ್ದು, ತಾತ ನಿನ್ನ ಕೂಗು ಕೇಳದೆ ಬೇಜಾರಾಗಿದ್ದಾರೆ, ರೆಕಾರ್ಡ್ ಮಾಡಿ ಕಳಿಸು, ಹುಟ್ಟುಹಬ್ಬಕ್ಕೆ ಕೇಳಿಸೋಣ ಎಂದು. ನಾನು ಟೆರೇಸಿನಲ್ಲಿ ಕೂಗಿದ್ದು ಅದಕ್ಕೇ. ಕೇಳಿಸಿದನೇ ನಿಮಗೆ? ಇಲ್ಲ ಎಂದು ನನಗೆ ಗೊತ್ತು. ಡಿಸೆಂಬರ್‌ನ ನಿಮ್ಮ ಕಾಗದ ಓದಿದಾಗಲೇ ಗೊತ್ತಾಗಬೇಕಿತ್ತು. ಗೊತ್ತಾಯಿತೋ ಏನೋ. ಪರೀಕ್ಷೆ ಇದೆ ಎಂದು ಹೇಳಿಕೊಂಡೆ.

"ಮಾರಿಲ್ಲ ಕಣೇ" ಎಂದ. "ಹಕ್ಕೀನ ಮಾರೋ ಪದ್ಧತಿ ನಮ್ಮಲ್ಲಿದೆಯಾ? ಉಡುಗೊರೆ ಕೊಟ್ಟೆ. ಆ ದೊಡ್ಡ ಕಾರಿನೋರು ಅವರ ದೇಶದಲ್ಲಿ ಡೇಗೆ ನೋಡಿಕೊಳ್ಳೋ ಕೆಲಸಕ್ಕೆ ವೀಸಾ ಕೊಡ್ತೀವಿ ಅಂದ್ರು. ಅದೂ ಉಡುಗೊರೇನೇ."

"ತಾತ ಬಿಟ್ಟ ಹಕ್ಕಿ ಅಣ್ಣ ಅದು!"

"ಬಿಟ್ಟ ಮೇಲೆ ತಾತನದ್ದು ಹೇಗಾಯ್ತು? ನೀನು ಓದಕ್ಕೆ ಹೋದೆ, ಅಪ್ಪ ಅಮ್ಮ ಮಾಸ್ಕೋದಲ್ಲಿ ಕಸ ಗುಡಿಸ್ತಾ ಕೂತವ್ರೆ. ನಾನೊಬ್ಬ ಇಲ್ಲಿ ಕುದುರೆ ಹಿಡ್ಕೊಂಡು ಟೂರಿಸ್ಟರಿಗೆ ಹಲ್ಲು ಕಿರೀತಾ ಇರ್ಬೇಕಾ?"

ನಾನು ಅಳುತ್ತಿದ್ದೆ. ಅದಕ್ಕೇ ಅವನಿಗೆ ಸಿಟ್ಟು ಬಂದಿರಬೇಕು.

"ಅಳಬೇಡ ಸುಮ್ನಿರು. ಕೂಗಿದ್ದು ಯಾರು? ನೀನು. ನಾನು ಬರೀ ಸ್ಪೀಕರ್ ಹಿಡ್ಕೊಂಡಿದ್ದೆ."

ನಾನು ಫೋನ್ ಇಟ್ಟೆ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ.

ಈಗ ವಿಷಯ ಇದು. ತುಮಾರಾ ಚೇತರಿಸಿಕೊಂಡಿದ್ದಾಳೆ. ಯಾವ ಬೆಟ್ಟದವಳೆಂದು ಗೊತ್ತಾದರೆ ಅಲ್ಲೇ ಬಿಡುತ್ತಾರೆ. ಗೊತ್ತಾಗದಿದ್ದರೆ ಬಿಡುವಂತಿಲ್ಲ, ಬೇರೆ ಹದ್ದುಗಳ ಜಾಗದಲ್ಲಿ ಬಿಟ್ಟರೆ ಕೊಂದುಹಾಕುತ್ತವೆ. ಆಮೇಲೆ ಮೃಗಾಲಯದ ಪಂಜರ, ಸಾಯುವವರೆಗೆ. ನಾನು ಬೆಟ್ಟದ ಹೆಸರು ಹೇಳಿದರೆ, ಹಿಡಿದವರು ಯಾರು ಎಂದು ಮುಂದಿನ ಪ್ರಶ್ನೆ. ಅಣ್ಣ ಜೈಲಿಗೆ ಹೋಗುತ್ತಾನೆ. ಹೇಳದಿದ್ದರೆ ತೊಲೊಮುಶ್ ತಾತ ಕಳ್ಳರಾಗಿಯೇ ಉಳಿಯುತ್ತಾರೆ. ಇಷ್ಟು ಗೊತ್ತಿದ್ದೂ ತಿಂಗಳು ಸುಮ್ಮನಿದ್ದೆ. ಅವಳಿಗೆ ದಿನಾ ಮಾಂಸ ತಿನ್ನಿಸುತ್ತಾ, ಒಂದು ಮಾತೂ ಆಡದೆ.

ಏನು ಮಾಡಲಿ ಎಂದು ಕೇಳುತ್ತಿಲ್ಲ. ನಾಳೆ ಮೇಡಂಗೆ ಹೇಳುತ್ತೇನೆ. ನೀವು ಬೇರೆಯವರ ಬಾಯಿಂದ ಕೇಳಬಾರದು ಎಂದು ಬರೆದೆ.

ಜಿಪಾರ್

*

ಬೆಟ್ಟದ ಮನೆ
ಫೆಬ್ರವರಿ 5

ಜಿಪಾರ್,

ನಿನ್ನ ಕಾಗದ ಬಂತು.

ನೀನು ನವೆಂಬರ್‌ನಲ್ಲೇ ಬರೆದಿದ್ದೆ. ಟೆರೇಸಿಗೆ ಹೋಗಿ ಕೂಗಿದೆ, ಎರ್ಮೆಕ್ ಆಣೆ ಹಾಕಿಸಿದ್ದಾನೆ ಎಂದು. ನಾನು ಓದಿದ್ದೆ. ನನ್ನ ಹುಟ್ಟುಹಬ್ಬ ಬಂತು, ಹೋಯಿತು, ಎರ್ಮೆಕ್ ಏನೂ ಕೊಡಲಿಲ್ಲ, ನಾನೂ ಕೇಳಲಿಲ್ಲ. ಬಂಡೆಯ ಬುಡದಲ್ಲಿ ತೊಗಲು ಕಂಡಾಗ ನಿನ್ನ ಕಾಗದ ನೆನಪಾಯಿತು. ಬರೀ ತೊಗಲಿಗೆ ತುಮಾರಾ ಇಳಿಯುವವಳಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಕುದುರೆಯನ್ನು ತೊಲೊಮುಶ್‌ನ ಮನೆ ಕಡೆಗೆ ತಿರುಗಿಸಿದೆ. ನನ್ನ ಮನೆಯವನ ಮುಖ ನೋಡುವುದಕ್ಕಿಂತ ಅದು ಸುಲಭವಾಗಿತ್ತು.

ನೀನು ತಿಂಗಳು ಸುಮ್ಮನಿದ್ದೆ ಎನ್ನುತ್ತೀಯ. ನಾನು ಅದಕ್ಕಿಂತ ಹೆಚ್ಚು ಸುಮ್ಮನಿದ್ದೆ, ಅದೂ ನಲವತ್ತು ಚಳಿಗಾಲದ ಗೆಳೆಯನ ಕೈ ಗಾಳಿಯಲ್ಲಿ ಬಿಟ್ಟು.

ನಿನ್ನೆ ಟೋಪಿ, ಕೈಗವಸು ತೆಗೆದುಕೊಂಡು ಅವನ ಮನೆಗೆ ಹೋದೆ. ಎರ್ಮೆಕ್‌ನನ್ನೂ ಕರೆದುಕೊಂಡು ಹೋದೆ. ಬರುವುದಿಲ್ಲ ಎನ್ನುತ್ತಾನೆ ಅಂದುಕೊಂಡಿದ್ದೆ. ಬಂದ. ಮತ್ತೆ ಜನರೆಲ್ಲ ಊಟಕ್ಕೆ ಕೂರುವ ಹೊತ್ತು ನೋಡಿಯೇ ಹೋದೆ. ಆಡಿದ್ದು ಎಲ್ಲರ ಮುಂದೆ, ನುಂಗುವುದೂ ಎಲ್ಲರ ಮುಂದೆಯೇ ಆಗಬೇಕು.

"ನಮ್ಮ ಹುಡುಗ ಮಾಡಿದ್ದು" ಎಂದೆ. "ನಂಗೆ ಆಗ್ಲೇ ಅನುಮಾನ ಇತ್ತು."

ತೊಲೊಮುಶ್ ಊಟ ಬಿಟ್ಟು ಬಾಗಿಲಿಗೆ ಎದ್ದು ಬಂದ. ಆಮೇಲೆ, "ಅನುಮಾನ ಇತ್ತು ಅಂತ ಹೇಳ್ದೆ ಇದ್ದಿದ್ರೆ ನಿನ್ನ ಒಳಗೆ ಕರೀತಿದ್ದೆ" ಎಂದ. ಟೋಪಿ ತೆಗೆದುಕೊಂಡ. ಬಾಗಿಲು ಹಾಕಿಕೊಂಡ.

ಅಲ್ಲಿಂದ ಠಾಣೆಗೆ ಹೋದೆವು. ಎರ್ಮೆಕ್ ತಾನೇ ಹೇಳಿ ಬರೆಸಿದ. ದಾರಿಯಲ್ಲಿ ಒಂದೇ ಸಲ ಬಾಯಿಬಿಟ್ಟ. "ತಾತ, ಅಲ್ಲಿ ಡೇಗೆಗೂ ಆಸ್ಪತ್ರೆ ಇದೆಯಂತೆ, ಏಸಿ ಎಲ್ಲ ಹಾಕ್ತಾರಂತೆ." ಇಪ್ಪತ್ತಾರು ವರ್ಷದವನು, ಮಗುವಿನ ಹಾಗೆ ಹೇಳಿದ. ಅವನ ಬೂಟು ತೂತಾಗಿದ್ದು ನಿನ್ನೆಯೇ ನೋಡಿದ್ದು.

ಈಗ ನಿನ್ನ ಕೆಲಸ ಹೇಳುತ್ತೇನೆ. ಅವಳನ್ನು ಹಿಮ ಕರಗಿದ ಮೇಲೆ ಕೆಂಪು ಬಂಡೆಗೆ ತನ್ನಿ. ಆದರೆ ಬಿಟ್ಟು ಬಂದರೆ ಸಾಲದು. ನಿನ್ನ ಕೂಗು ಈಗ ಎಷ್ಟು ಜನರ ಫೋನಿನಲ್ಲಿದೆಯೋ ಯಾರಿಗೆ ಗೊತ್ತು. ನೀನು ಅವಳನ್ನು ಬಿಡಬೇಕು, ದೂರ ಹೋಗಿ ನಿಂತು ಕೂಗಬೇಕು. ಬಂದಾಗ ಮಾಂಸ ಕೊಡಬಾರದು. ಕಲ್ಲು ಹೊಡೆಯಬೇಕು. ಮತ್ತೆ ಕೂಗಬೇಕು, ಮತ್ತೆ ಹೊಡೆಯಬೇಕು. ನೀನು ಕೂಗಿದರೂ ಅವಳು ಬಾರದೆ ಇರುವವರೆಗೆ.

ಯಾವ ಹದ್ದಿನವನೂ ಮಾಡದ ಕೆಲಸ ಇದು. ನನಗೆ ಅದನ್ನು ನೋಡಲಾಗುವುದಿಲ್ಲ. ನಾನು ಮನೆಯಲ್ಲಿರುತ್ತೇನೆ.

ತಾತ

*

ಬೆಟ್ಟದ ಮನೆ
ಮಾರ್ಚ್ 29

ಎರ್ಮೆಕ್ ಅಣ್ಣ,

ನಿನಗೆ ಇದುವರೆಗೆ ಕಾಗದ ಬರೆದಿಲ್ಲ. ಫೋನ್ ಇತ್ತಲ್ಲ. ಈಗ ನಿನ್ನ ಫೋನ್ ಪೊಲೀಸರ ಹತ್ತಿರ, ನೀನು ಕೇಸು ನಡೆಯುವವರೆಗೆ ಜಿಲ್ಲೆಯ ಲಾಕಪ್ಪಿನಲ್ಲಿ. ನಿನ್ನ ಮೇಲೆ ಸಿಟ್ಟಿನಿಂದ ಬರೆಯಬೇಕು ಎಂದು ಕೂತೆ. ಆದರೆ ಇದನ್ನು ಯಾರಿಗಾದರೂ ಹೇಳಲೇಬೇಕು. ತಾತನಿಗೆ ಹೇಳಲಾಗುವುದಿಲ್ಲ. ಉಳಿದವನು ನೀನು.

ನಿನ್ನೆ ಜಾನಿಲ್ ಮೇಡಂ ಮತ್ತು ಅರಣ್ಯದವರು ಪೆಟ್ಟಿಗೆಯನ್ನು ಬಂಡೆಯವರೆಗೆ ತಂದುಕೊಟ್ಟು, ದೂರದಲ್ಲಿ ಜೀಪಿನ ಹತ್ತಿರ ನಿಂತರು. ಕಲ್ಲು ಹೊಡೆಯುವ ಮಾತು ಕೇಳಿ ಮೇಡಂ ಮೊದಲು ಬೇಡ ಎಂದಿದ್ದರು, ಆಮೇಲೆ ಒಂದು ದಿನ ಯೋಚಿಸಿ ಒಪ್ಪಿದರು. ನನ್ನ ಜೊತೆ ಯಾರು ಎಂಬ ಚಿಂತೆಯಲ್ಲಿದ್ದೆ. ನೋಡಿದರೆ ತೊಲೊಮುಶ್ ತಾತ ಕುದುರೆ ಮೇಲೆ ಬಂದಿದ್ದರು. ಯಾರೂ ಕರೆದಿರಲಿಲ್ಲ.

ಮನೆಯಿಂದ ತಾತ ಕಟ್ಟಿಕೊಟ್ಟಿದ್ದ ರೊಟ್ಟಿ ಮುಂದಿಟ್ಟೆ.

"ನಿಮ್ಮ ತಾತನ ರೊಟ್ಟಿ ನಂಗೆ ಬೇಡ" ಎಂದರು. "ನಾನು ಬಂದಿರೋದು ಹಕ್ಕಿಗೆ."

ಟೋಪಿ ತೆಗೆದೆ. ತುಮಾರಾ ಬಹಳ ಹೊತ್ತು ಗಾಳಿ ನೋಡಿದಳು. ಆಮೇಲೆ ಹಾರಿದಳು. ಮೊದಲು ಭಾರವಾಗಿ, ಬಂಡೆಯ ಮೇಲೆ ಹೋಗುವಷ್ಟರಲ್ಲಿ ಮೊದಲಿನ ಹಾಗೆ. ಹೀಗೇ ಮನೆಗೆ ಹೋಗಿಬಿಡೋಣ ಅನಿಸಿತು ಅಣ್ಣ.

ತೊಲೊಮುಶ್ ತಾತ ನೆಲ ತಡಕಿ ನನ್ನ ಕೈಗೆ ಕಲ್ಲು ಕೊಟ್ಟರು. ನಾನು ದೊಡ್ಡದೊಂದು ಎತ್ತಿಕೊಂಡಿದ್ದೆ.

"ಸಣ್ಣದು ತಗೊಳೇ ಹುಡುಗಿ! ಕಾಲು ಗೀಲು ಮುರಿದೀಯ."

ಕೂಗಿದೆ. ಬಂದಳು. ಮೇಲಿಂದ ರೆಕ್ಕೆ ಮಡಿಚಿ, ನನ್ನ ಕೈಗವಸಿನ ಕಡೆಗೆ ನೇರವಾಗಿ. ನೀನೂ ಬಂಡೆಯ ಬುಡದಲ್ಲಿ ನಿಂತು ಇದನ್ನೇ ನೋಡಿರಬೇಕು. ಹತ್ತಿರ ಬಂದಾಗ ಕೈ ಕೆಳಗಿಳಿಸಿ ಕಲ್ಲೆಸೆದೆ. ತಾಗಲಿಲ್ಲ. ಅವಳು ಪಕ್ಕದ ಬಂಡೆಯ ಮೇಲೆ ಕೂತು ತಲೆ ವಾರೆ ಮಾಡಿ ನೋಡಿದಳು, ನಾನು ಏನೋ ತಪ್ಪು ಮಾಡಿದೆ, ಈಗ ಸರಿ ಮಾಡುತ್ತೇನೆ ಎಂದು ಕಾಯುವವಳ ಹಾಗೆ.

ಮತ್ತೆ ಕೂಗಿದೆ. ಮತ್ತೆ ಬಂದಳು. ಈ ಸಲ ಹೊಡೆಯಲಾಗಲಿಲ್ಲ.

"ಏನೇ, ಕೈಯಲ್ಲಿ ಕಲ್ಲಿರೋದು ಮರೆತ್ಯಾ?"

"ಆಗಲ್ಲ ತಾತ."

"ಆಗಲ್ಲ ಅಂದ್ರೆ ಅವಳನ್ನ ಮತ್ತೆ ಆ ಪೆಟ್ಟಿಗೇಲಿ ಹಾಕ್ಕೊಂಡು ಹೋಗು. ನಿನ್ನ ಅಣ್ಣ ಹಾಕಿದ, ನೀನೂ ಹಾಕು."

ಹೊಡೆದೆ. ಎದೆಗೆ ತಾಗಿತು. ಆ ಸದ್ದು ಸಣ್ಣದು, ದಿಂಬಿಗೆ ಗುದ್ದಿದ ಹಾಗೆ. ಅವಳು ಕೂಗಲೂ ಇಲ್ಲ. ಎದ್ದು ಮೇಲೆ ಹೋದಳು. ಮೂರನೇ ಸಲ ಬರುವಾಗ ಅರ್ಧ ದಾರಿಯಲ್ಲೇ ತೂಗಾಡಿದಳು, ಆದರೂ ಬಂದಳು. ಆ ಸಲ ಕಲ್ಲು ರೆಕ್ಕೆಗೆ ತಾಗಿತು. ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಯಾರನ್ನು ಬೈಯುತ್ತಿದ್ದೆನೋ ಗೊತ್ತಿಲ್ಲ. ಇಂಗ್ಲಿಷಿನಲ್ಲೂ ಬೈದೆ.

ಇವತ್ತು ಬೆಳಿಗ್ಗೆ ಮತ್ತೆ ಹೋದೆವು. ಅವಳು ಬಂಡೆಯ ಮೇಲೆ ತೇಲುತ್ತಿದ್ದಳು. ಕೂಗಿದೆ. ವೃತ್ತ ತಪ್ಪಲಿಲ್ಲ.

"ಇನ್ನೊಂದ್ಸಲ" ಎಂದರು ತೊಲೊಮುಶ್ ತಾತ. ಕೂಗಿದೆ. "ಇದಲ್ಲ. ನೀನು ಬೇಕಂತ ಮೆತ್ತಗೆ ಕೂಗ್ತಿದ್ದೀಯ. ಅವಳು ಬರಬೇಕು ಅನ್ನೋ ಹಾಗೆ ಕೂಗು, ಆಗ ಬರದಿದ್ರೆ ಮಾತ್ರ ಲೆಕ್ಕ."

ಹಾಗೇ ಕೂಗಿದೆ. ಸುಳ್ಳು ಹೇಳುವುದಿಲ್ಲ, ಬರಲಿ ಎಂದೇ ಕೂಗಿದೆ. ಅವಳು ತಲೆ ಬಗ್ಗಿಸಿ ನಮ್ಮನ್ನು ನೋಡಿದ್ದು ಕೆಳಗಿನಿಂದಲೂ ಕಂಡಿತು. ಆಮೇಲೆ ರೆಕ್ಕೆ ವಾಲಿಸಿ ಬಂಡೆಯ ಆಚೆಗೆ ಹೊರಟುಹೋದಳು. ನಾನು ಇನ್ನೂ ಕೂಗುತ್ತಿದ್ದೆ. ತೊಲೊಮುಶ್ ತಾತ ನನ್ನ ಭುಜ ಹಿಡಿದು "ಸಾಕು" ಎಂದಾಗಲೇ ನಿಲ್ಲಿಸಿದ್ದು.

ಶುಕ್ರವಾರ ತಾತ ನಿನ್ನನ್ನು ನೋಡಲು ಬರುತ್ತಾರೆ. ಬೂಟು ತರುತ್ತಾರೆ. ಅವರು ಮಾತಾಡದಿದ್ದರೆ ನೀನೇ ಮೊದಲು ಮಾತಾಡು. ನಾನು ಬರುವುದಿಲ್ಲ. ನನಗೆ ಇನ್ನೂ ಆಗುವುದಿಲ್ಲ.

ಮನೆಗೆ ಬಂದಾಗ ತಾತ ಒಲೆಯ ಮುಂದೆ ಕೂತಿದ್ದರು. ಎರಡು ದಿನ ಬೆಟ್ಟದ ಕಡೆಯ ಕಿಟಕಿಗೆ ಕಂಬಳಿ ಇಳಿಬಿಟ್ಟಿದ್ದರು.

"ಬಂದ್ಲಾ?" ಎಂದರು.

"ಬರಲಿಲ್ಲ."

"ಒಳ್ಳೇದಾಯ್ತು."

ಟೀ ಬಗ್ಗಿಸಿ ಕೊಟ್ಟರು. ಇಬ್ಬರೂ ಬಟ್ಟಲನ್ನೇ ನೋಡುತ್ತಾ ಕುಡಿದೆವು.

ನಿನ್ನ ತಂಗಿ
ಜಿಪಾರ್